ಒಂದೇ ಒಂದು ಸಿ.ಎಲ್.

ಎರಡನೇ ಶನಿವಾರ, ಭಾನುವಾರ, ಸೋಮವಾರ ರಂಜಾನ್. ಅದರ ಬೆನ್ನಿಗೆ ಮಂಗಳವಾರ ಒಂದೇ ಒಂದು ಸಿ.ಎಲ್. ಅಂಟಿಸಿ ನಾಲ್ಕು ದಿನ ಗಿಟ್ಟಿಸಿಕೊಂಡ ಚನ್ನವೀರ, ಮದುವೆಯಾದ ಹನ್ನೊಂದು ವರ್ಷಕ್ಕೆ ಹೆಂಡತಿಯನ್ನು ಹೈದರಾಬಾದಿಗೆ ಕರೆತಂದಿದ್ದ.

ಆದರೆ ಭಾನುವಾರ ಸಂಜೆ ಚಂದ್ರ ಕಾಣದಿದ್ದರೆ ಹಬ್ಬ ಒಂದು ದಿನ ಮುಂದೆ ಹೋಗುತ್ತದೆ, ಸೋಮವಾರ ಆಫೀಸಿರುತ್ತದೆ, ಮಂಗಳವಾರದ ಸಿ.ಎಲ್. ಅನ್ನು ಅಂದಿಗೆ ಬದಲಿಸಿಕೊಡಲಾಗದು ಎಂದು ಮೇಲಧಿಕಾರಿ ಬಾಬಾಜಾನ್ ಸಾಹೇಬರು ಹೊರಡುವಾಗಲೇ ಎಚ್ಚರಿಸಿದ್ದರು. ಭಾನುವಾರ ಸಂಜೆ ಚಾರ್ಮಿನಾರ್ ಎದುರು ಚಂದ್ರನಿಗಾಗಿ ಕಾದಿದ್ದ ಗುಂಪಿನಲ್ಲಿ ಚನ್ನವೀರನೂ ಕತ್ತೆತ್ತಿ ನಿಂತಿದ್ದ.

“ಎದುರಿಗೆ ಚಾರ್ಮಿನಾರ್ ಐತಿ, ನೀವು ಆಕಾಶ ನೋಡ್ಕೋತ ನಿಂತೀರಲ್ರೀ!” ಹೆಂಡತಿ ಸಿಡುಕಿದಳು.

“ಸ್ವಲ್ಪ ತಡಿ. ಚಂದ್ರ ಕಂಡ್ರ ನಾಳಿ ಗೋಲ್ಕೊಂಡಾ, ಇಲ್ಲಾಂದ್ರ ಈಗಲೇ ಬಸ್ ಹತ್ತೂದು.”

ಅಷ್ಟರಲ್ಲಿ ಗುಂಪಿನಲ್ಲಿ ಯಾರೋ ಕೈ ಎತ್ತಿ ತೋರಿಸಿದರು. ಉಗುರು ಕತ್ತರಿಸಿ ಎಸೆದಂಥ ಚಂದ್ರ! ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಚನ್ನವೀರನೂ ಗುರುತಿಲ್ಲದ ಮುದುಕನೊಬ್ಬನನ್ನು ತಬ್ಬಿ, ಕಣ್ಣೊರೆಸಿಕೊಂಡು, ಸಾಹೇಬರಿಗೆ ಫೋನ್ ಹಚ್ಚಿದ.

“ಈದ್ ಮುಬಾರಕ್ ಸಾಹೇಬ್ರ! ಚಂದ್ರನ್ನ ನಾನೇ ಕಣ್ಣಾರೆ ನೋಡಿದೆ!”

“ಅದು ಅಲ್ಲೀ ಚಂದ್ರ, ತಮ್ಮಾ. ನಮ್ಮ ರಾಜ್ಯದಾಗ ಬರೇ ಮೋಡ, ಹಬ್ಬ ಮಂಗಳವಾರ ಅಂತ ಚಂದ್ರ ನೋಡೋ ಕಮಿಟಿಯವರು ಹೇಳ್ಯಾರ,” ಎಂದರು ಸಾಹೇಬರು. “ನಾಳಿ ನನಗ ಉಪವಾಸ, ನಿನಗ ಆಫೀಸು.”