ಎದೆಯ ಮೇಲಿನ ಕಂಬಿ

ಎದೆಗೆ ಇಳಿದ ತೂಕದ ಕಂಬಿ ಜಪ್ಪಯ್ಯ ಅಂದರೂ ಮೇಲೇಳಲಿಲ್ಲ. ಮನೆಯಲ್ಲೇ ಬೆಂಚಿನ ಮೇಲೆ ಅಂಗಾತ ಮಲಗಿದ್ದ ಗೋದಾಮಿನ ಮೇಲ್ವಿಚಾರಕ ಹಲ್ಲು ಕಚ್ಚಿ ನೂಕಿದ. ತೋಳುಗಳು ನಡುಗಿದವು, ಅಷ್ಟೇ. ಮದುವೆಗೆ ಮುಂಚೆ ಈ ತೂಕ ಅವನಿಗೆ ಮೈ ಬಿಸಿ ಮಾಡಿಕೊಳ್ಳಲಿಕ್ಕೆ ಮಾತ್ರ ಆಗುತ್ತಿತ್ತು. ಆಗ ಕಂಬಿ ಹಿಡಿದರೆ ತಲೆಯಲ್ಲಿ ಬೇರೇನೂ ಇರುತ್ತಿರಲಿಲ್ಲ. ಇವತ್ತು ಅದನ್ನು ಕೆಳಗಿಳಿಸುವಾಗಲೇ, ನಾಳೆ ಬೆಳಗಿನ ಪಾಳಿಗೆ ಯಾರನ್ನು ಹಾಕಲಿ ಎಂದು ಯೋಚಿಸುತ್ತಿದ್ದ.

ಒಬ್ಬರೇ ಎತ್ತುವವರು ಕಂಬಿಯ ತುದಿಗೆ ತೂಕ ಜಾರದಂತೆ ತಡೆಯುವ ಕ್ಲಿಪ್ ಹಾಕುವುದಿಲ್ಲ. ಸಿಕ್ಕಿಬಿದ್ದರೆ ಒಂದು ಕಡೆ ವಾಲಿಸಿ ತೂಕದ ಬಿಲ್ಲೆಗಳನ್ನು ಜಾರಿಸಿಬಿಡಬಹುದು. ಗೆಳೆಯ ತಲೆಯ ಹಿಂದೆ ನಿಂತು ಕಂಬಿ ಎತ್ತಿಕೊಡಲು ಕಾಯುತ್ತಿದ್ದ ಕಾಲದ ಅಭ್ಯಾಸಬಲದಲ್ಲಿ ಅವನು ಎರಡೂ ಕಡೆ ಹಾಕಿಬಿಟ್ಟಿದ್ದ. ಕೂಗಿದರೆ ಹೆಂಡತಿ ಬರುತ್ತಾಳೆ. ಆದರೆ ಗೋಡೆಯಾಚೆ ಅವಳು ಹಾಡಿ, ಗದರಿ, ಬೇಡಿಕೊಂಡು ಮಗುವನ್ನು ಈಗಷ್ಟೇ ಮಲಗಿಸಿದ್ದಳು. "ಸದ್ದಾದ್ರೆ ಆ ಕಬ್ಬಿಣಾನ ಗುಜರಿಗೆ ಹಾಕ್ತೀನಿ ನೋಡಿ" ಎಂದು ಮೊದಲೇ ಹೇಳಿದ್ದಳು. ಹಾಕಲಿ ಅನ್ನಿಸಿತು ಅವನಿಗೆ. ಹಾಗನ್ನಿಸಿದ್ದಕ್ಕೆ ಬೇಸರವೂ ಆಗಲಿಲ್ಲ.

ಅಷ್ಟರಲ್ಲಿ ಪಕ್ಕದ ಸ್ಟೂಲಿನ ಮೇಲಿದ್ದ ಫೋನ್ ಹೊಡೆದುಕೊಂಡಿತು. ಮಗು ಎದ್ದೀತೆಂದು ಅವನು ಒಂದು ಕೈಯಲ್ಲಿ ಕಂಬಿಯನ್ನು ನಡುವೆ ಹಿಡಿದು, ಇನ್ನೊಂದು ಕೈಯಿಂದ ಫೋನನ್ನು ಕಿವಿಗೊತ್ತಿಕೊಂಡ.

"ರಜೆ ದಿನ ತೊಂದ್ರೆ ಕೊಡ್ತಿಲ್ಲ ತಾನೇ?" ಮ್ಯಾನೇಜರ್ ಕೇಳಿದರು. "ಏನೋ ಕೆಲಸದಲ್ಲಿದ್ರಿ ಅನ್ಸುತ್ತೆ. ಏದುಸಿರು ಕೇಳಿಸ್ತಿದೆ."

ಅವನು ಉಸಿರು ಬಿಗಿಹಿಡಿದ.

"ಏನಿಲ್ಲ ಸಾರ್," ಅಂದ. "ಸುಮ್ನೆ ಮಲ್ಕೊಂಡಿದ್ದೆ. ಹೇಳಿ."