ಅರ್ಧ ಎಲೆ

ತೋಟದ ಒಡೆಯ ಮಲ್ಲೇಶಪ್ಪನವರು ಹೊಸದಾಗಿ ನೆಟ್ಟ ಕಾಫಿ ಸಸಿಯೊಂದನ್ನು ಬುಡಸಮೇತ ಕಿತ್ತು ಹೊನ್ನಕ್ಕನ ಮೂಗಿನ ಮುಂದೆ ಹಿಡಿದರು. ಅದರ ಒಂದೊಂದು ಎಲೆಯನ್ನೂ ಅರ್ಧಕ್ಕೆ ಕತ್ತರಿಸಲಾಗಿತ್ತು.

“ಮುನ್ನೂರು ಗಿಡ ಹಾಳು ಮಾಡಿಬಿಟ್ಟೆಯಲ್ಲೇ! ನಾಳೆಯಿಂದ ತೋಟದ ಕಡೆ ತಲೆ ಹಾಕಬೇಡ!”

ನಲವತ್ತು ಆಳುಗಳು ಗುದ್ದಲಿ ನಿಲ್ಲಿಸಿ ನೋಡಿದರು. ಹೊನ್ನಕ್ಕನ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತು ವರ್ಷದಿಂದ ನರಸಿಂಹರಾಜಪುರದ ಸುತ್ತ ಸಸಿ ನೆಟ್ಟವಳು. ಕೈಗುಣ ಕೆಟ್ಟವಳು ಅನ್ನಿಸಿಕೊಂಡು ಹೊರಟರೆ ಇನ್ಯಾವ ತೋಟದವರು ಕರೆದಾರು? ನಲವತ್ತೊಂದನೇ ಇಸವಿಯ ಆ ಆಷಾಢದಲ್ಲಿ ಮಳೆ ಬೇರೆ ಕಣ್ಣಾಮುಚ್ಚಾಲೆ ಆಡುತ್ತಿತ್ತು.

“ಬೇಕಂತಲೇ ಕತ್ತರಿಸಿದ್ದು ಒಡೆಯರೇ. ಮಳೆ ಬಿಟ್ಟು ನಾಲ್ಕು ದಿನ ಆಯ್ತು, ಬೇರು ಇನ್ನೂ ನೆಲ ಹಿಡಿದಿಲ್ಲ. ಎಲೆ ಪೂರಾ ಬಿಟ್ರೆ ಒಳಗಿನ ನೀರನ್ನೆಲ್ಲ ಬಿಸಿಲಿಗೆ ಕೊಟ್ಟು ಸಾಯ್ತದೆ.”

“ಎಲೆ ನೀರು ಕೊಡ್ತದಂತೆ! ಕೊಟ್ಟಿದ್ದು ನೀನು ಕಂಡಿದೀಯಾ?”

“ಕಣ್ಣಿಗೆ ಕಾಣೋದಿಲ್ಲ. ತೂಗಿ ನೋಡಿ.”

ಆಳುಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇವಳ ಸೊಕ್ಕು ಮುರಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲವೆಂದು ಮಲ್ಲೇಶಪ್ಪನವರು ಏಲಕ್ಕಿ ತೂಗುವ ತಕ್ಕಡಿ ತರಿಸಿ, ಬಿಸಿಲಿನ ಕಣದಲ್ಲಿ ಬಿದಿರಿನ ಗಳುವಿಗೆ ಕಟ್ಟಿಸಿದರು. ಒಂದು ತಟ್ಟೆಯಲ್ಲಿ ಎಲೆ ಕತ್ತರಿಸಿದ ಐದು ಸಸಿ, ಇನ್ನೊಂದರಲ್ಲಿ ಪೂರಾ ಎಲೆಯ ಐದು. ಬುಡದ ಮಣ್ಣು ಆರಬಾರದು, ಅಡಿಕೆ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಎಂದು ಹೊನ್ನಕ್ಕ ಹಟ ಹಿಡಿದಳು. ಮೋಸ ಆದೀತೆಂದು ಗಂಟುಗಳನ್ನು ಮಲ್ಲೇಶಪ್ಪನವರೇ ಹಾಕಿದರು. ಹಗುರಾದ ಕಡೆಗೆ ಕಲ್ಲಿನ ಚೂರು ಹಾಕಿ ಮುಳ್ಳು ಸಮ ಮಾಡಿದರು.

ಆಳುಗಳು ಕೆಲಸಕ್ಕೆ ಹೋದರು. ಹೊನ್ನಕ್ಕ ಕದಲಲಿಲ್ಲ. ಬಿಸಿಲು ನೆತ್ತಿ ಸುಟ್ಟರೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಲ್ಲೇ ನಿಂತಳು.

ಒಡೆಯರ ಜೇಬಿನ ಗಡಿಯಾರ ಹನ್ನೆರಡು ದಾಟುವಾಗ ಪೂರಾ ಎಲೆಯ ತಟ್ಟೆ ಹಗುರಾಗಿ ಎರಡು ಬೆರಳು ಮೇಲೆದ್ದಿತ್ತು. ಮಲ್ಲೇಶಪ್ಪನವರು ಗಂಟುಗಳನ್ನು ಮುಟ್ಟಿ ನೋಡಿದರು. ಹಾಕಿದ ಹಾಗೇ ಇದ್ದವು. ಏಲಕ್ಕಿ ತೂಗುವಾಗ ಮುಳ್ಳಿನಿಂದ ಕಣ್ಣು ಕೀಳದ ಮನುಷ್ಯ ಈಗ ಆಕಾಶ ನೋಡಿದರು.

“ಸರಿ ಮಾರಾಯ್ತಿ, ನಾಳೆ ಬಾ,” ಎಂದು ಮೆಲ್ಲಗೆ ಗೊಣಗಿ ತಕ್ಕಡಿ ಇಳಿಸಲು ಕೈ ಚಾಚಿದರು.

ಹೊನ್ನಕ್ಕ ಅಡ್ಡ ನಿಂತಳು.

“ಇರ್ಲಿ ಒಡೆಯರೇ, ಇಳಿಸಬೇಡಿ. ನೀವು ಬೈದಿದ್ದು ಕೇಳಿದವರೆಲ್ಲ ಈಗ ಊಟಕ್ಕೆ ಬರ್ತಾರೆ. ಇದನ್ನೂ ನೋಡ್ಕೊಂಡು ಹೋಗ್ಲಿ.”