ಮನೆ ನೋಡುವ ಕೆಲಸ

ಬಾಗಿಲು ತೆರೆದ ಹೆಂಗಸಿನ ಮುಖಕ್ಕಿಂತ ಮೊದಲು ವಾರಿಜಾ ಅವಳ ಕಾಲು ನೋಡಿದಳು. ಆಮೇಲೆ ಉಳಿದದ್ದು. ಹಣೆಯಲ್ಲಿ ಕುಂಕುಮವಿಲ್ಲ, ಕೊರಳಲ್ಲಿ ತಾಳಿಯಿಲ್ಲ, ಕೈಯಲ್ಲಿ ಬಳೆಯಿಲ್ಲ. ಅರ್ಜಿ ಹಾಕಿದ ದಿನದಿಂದ ಬಿಚ್ಚಿಟ್ಟಿರಬೇಕು. ಆದರೆ ಕಾಲುಂಗುರ ಬೆರಳಲ್ಲೇ ಇತ್ತು. ಸೋಪು ಹಚ್ಚಿ ತಿರುವಿದರೂ ಅದು ಸುಲಭಕ್ಕೆ ಕಳಚಿ ಬರುವುದಿಲ್ಲ. ಅಷ್ಟು ವಾರಿಜಾಳಿಗೆ ಗೊತ್ತಿತ್ತು.

ಆ ಹೆಂಗಸು ಭಾಗವ್ವ. ಕೊಪ್ಪಳದ ಕಡೆಯಿಂದ ಕಾಪುವಿಗೆ ಕಟ್ಟಡ ಕೆಲಸಕ್ಕೆ ಬಂದವಳು. ಅವಳ ಮಗಳು ಶೈಲಶ್ರೀಗೆ ಕಾರ್ಕಳದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ನಾಳೆ ಸಂಜೆಯೊಳಗೆ ಫೀಸು ಕಟ್ಟದಿದ್ದರೆ ಸೀಟು ಹೋದಂತೆಯೇ. ಮಣಿಪಾಲದ ಟ್ರಸ್ಟು ನಾಲ್ಕು ವರ್ಷದ ಪೂರ್ತಿ ಫೀಸು ಕೊಡುತ್ತದೆ, ಆದರೆ ತಂದೆ ಇಲ್ಲದ ಮಕ್ಕಳಿಗೆ ಮಾತ್ರ. ಕಾಗದಪತ್ರವನ್ನು ಯಾರು ಬೇಕಾದರೂ ಮಾಡಿಸಿ ತರುತ್ತಾರೆ ಎಂದು, ಮುಂಚಿತವಾಗಿ ತಿಳಿಸದೆ ಮನೆಗೇ ಹೋಗಿ ನೋಡಿ ಬರುವ ಪದ್ಧತಿ ಅಲ್ಲಿಯದು. ಮನೆ ನೋಡಿದವರು ಬರೆದದ್ದೇ ಕೊನೆಯ ಮಾತು. ಹದಿನೆಂಟು ವರ್ಷದಿಂದ ಬರೆಯುತ್ತಿರುವವಳು ವಾರಿಜಾ.

ಅವಳಿಗಿಂತ ಮುಂಚೆ ಆ ಕುರ್ಚಿಯಲ್ಲಿ ಸಿಲ್ವೆಸ್ಟರ್ ಸರ್ ಇದ್ದರು. ಬಲು ಸಾಧು ಮನುಷ್ಯ. ಹೋದ ಮನೆಯಲ್ಲಿ ಚಾ ಕುಡಿದು, ಅಂಗಳದ ದಾಸವಾಳ ಹೊಗಳಿ, ‘ಎಲ್ಲ ಸರಿ ಇದೆ’ ಎಂದು ಬರೆದು ಬರುವವರು. ಅವರ ಕಣ್ಣಿಗೆ ಮಣ್ಣೆರಚುವುದು ಮಕ್ಕಳಾಟ ಎಂದು ವಾರಿಜಾ ಎಷ್ಟೋ ಸಲ ನಕ್ಕದ್ದುಂಟು. ಅವಳ ಕಣ್ಣಿಗೆ ಎರಚಿ ಗೆದ್ದವರು ಈವರೆಗೆ ಯಾರೂ ಇಲ್ಲ. ಟ್ರಸ್ಟಿನ ಹಣದಲ್ಲೇ ಓದಿ ಟ್ರಸ್ಟಿನಲ್ಲೇ ಕೆಲಸಕ್ಕೆ ಕೂತವಳು ಅವಳು. ಪ್ರತಿವರ್ಷದ ವರದಿಯಲ್ಲಿ ಅವಳ ಫೋಟೋ ಹಾಕಿ, ಕೆಳಗೆ ನಾಲ್ಕು ಹೆಮ್ಮೆಯ ಮಾತು ಬರೆಯುತ್ತಾರೆ.

“ನಿಮ್ಮ ಯಜಮಾನರು ತೀರಿಕೊಂಡು ಎಷ್ಟು ಸಮಯ ಆಯಿತು?”

“ಮೂರು ವರ್ಸ ಆತ್ರೀ,” ಎಂದಳು ಭಾಗವ್ವ. ಶೈಲಶ್ರೀ ನೆಲ ನೋಡುತ್ತಿದ್ದಳು.

ವಾರಿಜಾ ಎದ್ದು ನೇರ ಹಿಂಬಾಗಿಲಿಗೆ ನಡೆದಳು. ಮಂಚದ ಕೆಳಗೆ ಬಗ್ಗಲಿಲ್ಲ, ಕಪಾಟಿನ ಹಿಂದೆ ಇಣುಕಲಿಲ್ಲ. ಇಂಥ ಹೊತ್ತಿನಲ್ಲಿ ಗಂಡಸನ್ನು ಮನೆಯೊಳಗೆ ಯಾರೂ ಇಟ್ಟುಕೊಳ್ಳುವುದಿಲ್ಲ, ಬಾಗಿಲು ತಟ್ಟಿದ ಕೂಡಲೇ ಹಿತ್ತಲಿಗೆ ಕಳಿಸುತ್ತಾರೆ. ಅವಳು ತಗಡಿನ ಬಚ್ಚಲ ಬಾಗಿಲು ತಳ್ಳಿದಳು.

ಒಳಗೆ ಭಾಗವ್ವನ ಗಂಡ ಮಾನಪ್ಪ ಊರುಗೋಲು ಬಿಗಿಯಾಗಿ ಹಿಡಿದು ನಿಂತಿದ್ದ. ಕೂರಲು ಆಗದ ಸೊಂಟ ಅವನದು. ನಿಂತೂ ನಿಂತೂ ಕಾಲು ನಡುಗುತ್ತಿತ್ತು.

“ಮೂರು ವರ್ಸದ ಹಿಂದ ಕಟ್ಟಡದ ಸಾರುವೆ ಮ್ಯಾಲಿಂದ ಬಿದ್ದೀನ್ರಿ, ಮೇಡಂ. ದುಡಿಯಾಕ ಆಗಂಗಿಲ್ಲ. ಇದ್ದೂ ಸತ್ತಂಗ. ಸತ್ತಾನಂತನ ಬರಕೊಳ್ರಿ. ಬೇಕಾದ್ರ ಇವತ್ತ ಊರಿಗೆ ಹೋಗಿಬಿಡ್ತೀನಿ, ಮತ್ತ ಈ ಕಡಿ ಮಾರಿ ತೋರ್ಸಂಗಿಲ್ಲ.”

“ಅಪ್ಪಂದೇನೂ ತಪ್ಪಿಲ್ರಿ,” ಎಂದಳು ಶೈಲಶ್ರೀ. “ಅರ್ಜಿ ತುಂಬಿದ್ದು ನಾನು.”

ವಾರಿಜಾ ಹುಡುಗಿಯತ್ತ ತಿರುಗಿದಳು. ಅವಳೇನು ಕಲ್ಲಲ್ಲ. ಈ ಹುಡುಗಿಯ ಅಂಕಗಳನ್ನು ನೋಡಿದವಳು, ಕೈಯ ಬೊಬ್ಬೆಗಳನ್ನೂ ನೋಡಿದವಳು. ಆದರೆ ಇಂಥದ್ದೊಂದು ಸುಳ್ಳು ಟ್ರಸ್ಟಿನೊಳಗೆ ಬಂದು ನಾಳೆ ಬಯಲಾಯಿತೆಂದರೆ ಯಾರಾದರೂ ಹಳೆಯ ಫೈಲುಗಳನ್ನೆಲ್ಲ ಕೆದಕಲು ಕೂರುತ್ತಾರೆ. ಹದಿನೆಂಟು ವರ್ಷದಲ್ಲಿ ಆ ಭಯ ಅವಳನ್ನು ಒಂದು ದಿನವೂ ಬಿಟ್ಟಿರಲಿಲ್ಲ.

“ನಿಯಮ ನಾನು ಮಾಡಿದ್ದಲ್ಲ,” ಎಂದಳು. ಅಂಗಳದಲ್ಲಿ ನಿಂತೇ ಮೊಬೈಲಿನಲ್ಲಿ ವರದಿ ಬರೆದಳು. ತಂದೆ ಬದುಕಿದ್ದಾರೆ. ಅರ್ಜಿ ತಿರಸ್ಕರಿಸಬೇಕು. ಮುಂದೆ ಈ ಹೆಸರನ್ನು ಪರಿಗಣಿಸಬಾರದು. ಒಮ್ಮೆ ಕಳುಹಿಸಿದ ವರದಿಯನ್ನು ತಿದ್ದಲು ಬರೆದವರಿಗೂ ಬರುವುದಿಲ್ಲ. ಅವಳು ಕಳುಹಿಸಿದಳು. ಒಳಗೆ ಭಾಗವ್ವ ಗಂಡ ನಿಜವಾಗಿಯೂ ಸತ್ತವಳಂತೆ ಅಳುತ್ತಿದ್ದಳು. ಉಡುಪಿ ಬಸ್ಸು ಹತ್ತಿದ ಮೇಲೂ ಆ ಅಳು ಕಿವಿ ಬಿಡಲಿಲ್ಲ.

ಬನ್ನಂಜೆಯ ಅವಳ ಮನೆಯಲ್ಲಿ ಭೋಜ ಮಾವ ಚಾಕ್ಕೆ ನೀರಿಟ್ಟು ಅವಲಕ್ಕಿ ಕಲಸುತ್ತಿದ್ದರು. ಕೇರಿಗೆಲ್ಲ ಅವರು ಭೋಜ ಮಾವ. ಅಳಿಯಸಂತಾನದ ತುಳುವರ ಮನೆಯಲ್ಲಿ ಸೋದರಮಾವ ಯಜಮಾನನಾಗಿರುವುದು ಏಕೆಂದು ಯಾರೂ ಕೇಳುವುದಿಲ್ಲ. ಅಪ್ಪ ಇರುವ ಮನೆಯಲ್ಲೇ ಕೇಳುವುದಿಲ್ಲ, ಇನ್ನು ಇಲ್ಲಿ ಯಾರು ಕೇಳಬೇಕು? ವಾರಿಜಾಳ ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅವರಿಬ್ಬರೇ. ಸ್ವಂತ ಊರು ಹೆಬ್ರಿ ಬಿಟ್ಟು ಬಂದವರು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

“ಇವತ್ತು ಯಾರ ಮನೆ?”

“ಕಾಪುವಿನಲ್ಲಿ. ಬದುಕಿರುವ ಅಪ್ಪನನ್ನು ಸತ್ತ ಅಂತ ಬರೆದಿದ್ರು. ಬಚ್ಚಲಲ್ಲಿ ನಿಲ್ಲಿಸಿದ್ರು.”

ಮುದುಕರ ಕೈ ಅವಲಕ್ಕಿಯಲ್ಲೇ ನಿಂತಿತು. “ನೀನು ಎಂತ ಬರೆದೆ?”

“ಇದ್ದದ್ದನ್ನು ಬರೆದೆ. ಸಿಲ್ವೆಸ್ಟರ್ ಸರ್ ಆಗಿದ್ರೆ ಇವತ್ತೂ ಮೋಸ ಹೋಗ್ತಿದ್ರು.”

“ಅವರು ಮೋಸ ಹೋದವರಲ್ಲ, ಮಗಾ.” ಅವರ ದನಿ ಒಡೆದಿತ್ತು. “ನಿನಗೆ ಹೇಳಬಾರದು ಅಂತ ಮಾತು ತೆಗೆದುಕೊಂಡಿದ್ರು, ಹಾಗೆ ಹೇಳ್ಲಿಲ್ಲ. ಅವತ್ತು ನಿನ್ನ ಅರ್ಜಿಗೆ ಹೆಬ್ರಿಯ ಮನೆ ನೋಡಲು ಬಂದವರು ಚಾ ಕುಡಿದು ಸೀದಾ ದನದ ಹಟ್ಟಿಗೆ ಬಂದ್ರು. ನಾನು ಹುಲ್ಲಿನ ಹಿಂದೆ ನಿಂತಿದ್ದೆ. ತುಂಬಾ ಹೊತ್ತು ನನ್ನ ಮುಖವನ್ನೇ ನೋಡಿದ್ರು.”

ವಾರಿಜಾ ಕೈಚೀಲವನ್ನು ಕೆಳಗಿಡಲೂ ಮರೆತು ನಿಂತಿದ್ದಳು.

“‘ಮಗಳು ಓದಬೇಕಾದರೆ ಇವತ್ತಿನಿಂದ ನೀವು ಅವಳ ಅಪ್ಪ ಅಲ್ಲ, ಮಾವ’ ಅಂತ ನನಗೆ ಹೇಳಿಕೊಟ್ಟದ್ದೇ ಅವರು.”